ಮುಂಬೈಯ ಮನೆಯಿಂದ ಧ್ವನಿ ಕೊಡುವವರಿಗೆ ಯಾವ ಯುಎಸ್‌ಬಿ ಇಂಟರ್‌ಫೇಸ್?

ಮುಂಬೈಯಲ್ಲಿ ಕನ್ನಡದ ಧ್ವನಿಗೆ ಕೆಲಸವಿದೆ. ಬ್ಯಾಂಕು, ವಿಮೆ, ಸಾಬೂನು, ಬೀಜ-ಗೊಬ್ಬರ, ಯಾವುದರ ಜಾಹೀರಾತೇ ಆಗಲಿ, ಹಿಂದಿಯಲ್ಲಿ ಸಿದ್ಧವಾದ ಮೇಲೆ ಅದರ ಕನ್ನಡ, ತಮಿಳು, ತೆಲುಗು ಅವತರಣಿಕೆಗಳು ಇಲ್ಲಿಯೇ ತಯಾರಾಗುವುದುಂಟು. ಡಬ್ಬಿಂಗ್‌ಗೆ ಅಡ್ಡಿ ಮಾಡುವುದರ ವಿರುದ್ಧ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟ ನಂತರ ಕನ್ನಡದಲ್ಲಿ ಕಂಠದಾನದ ಬಾಗಿಲೂ ತೆರೆಯಿತು. ಲಾಕ್‌ಡೌನ್ ಕಾಲದಿಂದ ಈಚೆಗೆ ಅಂಧೇರಿ, ಗೋರೆಗಾಂವ್‌ನ ಸ್ಟುಡಿಯೊದವರೇ "ಮನೆಯಿಂದ ರೆಕಾರ್ಡ್ ಮಾಡಿ ಕಳುಹಿಸುತ್ತೀರಾ?" ಎಂದು ಕೇಳುತ್ತಾರೆ. ಡೊಂಬಿವಲಿಯಿಂದ ಅಂಧೇರಿಗೆ ಎರಡು ರೈಲು ಬದಲಿಸಿ ಹೋಗಿ, ಎರಡು ವಾಕ್ಯ ಓದಿ, ಮತ್ತೆ ಎರಡು ರೈಲು ಹಿಡಿದು ಬರುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಅಲ್ಲಿಂದ ಮುಂದೆ ಗೆಳೆಯರು ನನ್ನ ಬಳಿ ತರುವ ಪ್ರಶ್ನೆ ಒಂದೇ: ಯಾವ ಇಂಟರ್‌ಫೇಸ್ ಕೊಳ್ಳಲಿ?

ಇಂಟರ್‌ಫೇಸ್ ಎಂಬ ಈ ಪುಟ್ಟ ಪೆಟ್ಟಿಗೆ ಏನು ಮಾಡುತ್ತದೆ ಎಂಬುದನ್ನು ಹೊಸಬರಿಗಾಗಿ ಬೇಗ ಹೇಳಿಬಿಡುತ್ತೇನೆ. ಮೈಕ್‌ನಿಂದ ಬರುವ ಅತಿ ಸಣ್ಣ ವಿದ್ಯುತ್ ಸಂಕೇತವನ್ನು ಅದರೊಳಗಿನ ಪ್ರೀಆಂಪ್ ಹಿಗ್ಗಿಸುತ್ತದೆ. ಹಿಗ್ಗಿದ ಸಂಕೇತ ಅಂಕಿಗಳಾಗಿ ಯುಎಸ್‌ಬಿ ಮೂಲಕ ಕಂಪ್ಯೂಟರ್ ಸೇರುತ್ತದೆ. ಕಂಡೆನ್ಸರ್ ಎಂಬ, ವಿದ್ಯುತ್ ಬೇಡುವ ಸೂಕ್ಷ್ಮ ಬಗೆಯ ಮೈಕ್‌ಗೆ ಬೇಕಾದ 48 ವೋಲ್ಟ್ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್, ಮೈಕ್‌ನ ಕೇಬಲ್‌ನಲ್ಲಿಯೇ ಹೋಗುತ್ತದೆ. ನೀವು ಓದಿದ್ದು ನಿಮ್ಮ ಹೆಡ್‌ಫೋನ್‌ಗೆ ಮರಳಿ ಬರುತ್ತದೆ.

ಅಂಗಡಿಯವರೂ ವಿಡಿಯೊದಲ್ಲಿ ವಿಮರ್ಶೆ ಮಾಡುವವರೂ ಪ್ರೀಆಂಪ್ ಎಷ್ಟು ಶುದ್ಧ ಎಂಬುದರ ಸುತ್ತಲೇ ಮಾತು ಬೆಳೆಸುತ್ತಾರೆ. ಮುಂಬೈಯ ಫ್ಲ್ಯಾಟ್‌ನಲ್ಲಿ ಕುಳಿತು ಓದುವವರು, ಅದರಲ್ಲೂ ಕಂಡೆನ್ಸರ್ ಮೈಕ್ ಇಟ್ಟುಕೊಂಡವರು, ಕಟ್ಟಕಡೆಗೆ ನೋಡಬೇಕಾದ ಅಂಶ ಅದು. ಇದು ಬರೀ ಅಭಿಪ್ರಾಯವಲ್ಲ, ಲೆಕ್ಕ ಹಾಕಿಯೇ ತೋರಿಸಬಹುದು.

ಮೊದಲು ಕೋಣೆಯ ಸದ್ದಿನ ಲೆಕ್ಕ

ಶಬ್ದ ಮಾಲಿನ್ಯ ನಿಯಂತ್ರಣದ 2000ನೇ ಇಸವಿಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು. ರಸ್ತೆ ಬದಿಯ ಕಟ್ಟಡದಲ್ಲಿ ಈ ಮಿತಿಯೇ ಕನಸು. ಇರಲಿ, ನಿಯಮ ಪಾಲನೆಯಾಗುತ್ತಿದೆ ಎಂದೇ ಇಟ್ಟುಕೊಳ್ಳೋಣ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಫ್ರಿಜ್‌ನಿಂದ ದೂರ ಕುಳಿತರೆ ರಾತ್ರಿ ಹನ್ನೊಂದರ ನಂತರ ಒಳಗೆ 35 ಡೆಸಿಬಲ್ ಸಿಕ್ಕೀತು. ಅಷ್ಟು ಸಿಕ್ಕವರು ಪುಣ್ಯವಂತರು.

ಈಗ ನಮ್ಮಲ್ಲಿ ಬಹಳ ಮಂದಿ ಬಳಸುವ ಆಡಿಯೊ-ಟೆಕ್ನಿಕಾ ಎಟಿ2020 ಕಂಡೆನ್ಸರ್ ಮೈಕ್ ತೆಗೆದುಕೊಳ್ಳಿ. ಏನೂ ಕೇಳದ ಜಾಗದಲ್ಲಿಟ್ಟರೂ ಆ ಮೈಕ್ ತಾನೇ 20 ಡೆಸಿಬಲ್‌ನಷ್ಟು ಗುಸುಗುಸು ಉಂಟುಮಾಡುತ್ತದೆ. ಅದನ್ನು ಮಧ್ಯಮ ದರ್ಜೆಯ ಇಂಟರ್‌ಫೇಸ್‌ಗೆ ಸೇರಿಸಿದಿರಿ ಎನ್ನಿ. ಆ ದರ್ಜೆಯ ಪೆಟ್ಟಿಗೆಗಳ ಪ್ರೀಆಂಪ್ ಗದ್ದಲವನ್ನು ತಯಾರಕರು ವಿದ್ಯುತ್ ಸಂಕೇತವನ್ನು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 128 ಡಿಬಿಯು ಎಂದು ನಮೂದಿಸುತ್ತಾರೆ. ಮೈಕ್‌ನ ಸಂವೇದನೆಗೆ ಹೊಂದಿಸಿ ಇದನ್ನು ಕೋಣೆಯ ಭಾಷೆಗೆ ತಂದರೆ ಸಿಗುವುದು ಸುಮಾರು 1 ಡೆಸಿಬಲ್. ಕೋಣೆ 35, ಮೈಕ್ 20, ಪ್ರೀಆಂಪ್ 1! ಪ್ರೀಆಂಪ್ ಇದಕ್ಕಿಂತ ಎಂಟು ಡೆಸಿಬಲ್ ಕಳಪೆಯಾಗಿದ್ದರೂ 9 ಆಗುತ್ತದೆ, ಅಷ್ಟೆ. ಕಿಟಕಿಯ ಆಚೆ ಗುಟುರು ಹಾಕುವ ಪಾರಿವಾಳದ ಮುಂದೆ ಆ ವ್ಯತ್ಯಾಸ ಯಾರ ಕಿವಿಗೂ ಬೀಳುವುದಿಲ್ಲ.

ಫ್ಯಾಂಟಮ್ ಪವರ್ ಬೇಡದ ಡೈನಮಿಕ್ ಬಗೆಯ ಮೈಕ್ ಆದರೆ ಚಿತ್ರ ಬದಲಾಗುತ್ತದೆ. ಶೂರ್ ಎಸ್ಎಂ7ಬಿ ಕೊಡುವ ಸಂಕೇತ ಎಟಿ2020ರದ್ದಕ್ಕಿಂತ ಸುಮಾರು 22 ಡೆಸಿಬಲ್ ಕ್ಷೀಣ. ಅದೇ ಮಧ್ಯಮ ದರ್ಜೆಯ ಪೆಟ್ಟಿಗೆಯಲ್ಲಿ ಪ್ರೀಆಂಪ್ ಗದ್ದಲ 23 ಡೆಸಿಬಲ್‌ಗೆ ಸಮನಾಗುತ್ತದೆ. ಪೆಟ್ಟಿಗೆ ಎಂಟು ಡೆಸಿಬಲ್ ಕಳಪೆಯಾದರೆ 31, ಅಂದರೆ ಕೋಣೆಯ ಸದ್ದಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಡೈನಮಿಕ್ ಮೈಕ್ ಇಟ್ಟುಕೊಂಡವರು ಪ್ರೀಆಂಪ್ ನೋಡಿ ಕೊಳ್ಳಬೇಕು. ಕಂಡೆನ್ಸರ್ ಇಟ್ಟುಕೊಂಡವರು ಅದಕ್ಕಾಗಿ ಹೆಚ್ಚಿನ ಹಣ ಸುರಿಯಬೇಕಿಲ್ಲ.

ಧ್ವನಿಪುಸ್ತಕಗಳಿಗೆ ಆಡಿಬಲ್‌ನ ಎಸಿಎಕ್ಸ್ ವೇದಿಕೆ ಇಟ್ಟಿರುವ ಮಾನದಂಡವನ್ನೂ ಇಲ್ಲಿ ಒರೆಗಲ್ಲಾಗಿ ಬಳಸಬಹುದು. ಸೊನ್ನೆಯೇ ಗರಿಷ್ಠವಾಗಿರುವ ರೆಕಾರ್ಡಿಂಗ್‌ನ ಅಳತೆಯಲ್ಲಿ ಓದಿನ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬಲ್ ಒಳಗೆ, ಗರಿಷ್ಠ ಮೈನಸ್ 3, ಮೌನದ ಸದ್ದು ಮೈನಸ್ 60ಕ್ಕಿಂತ ಕೆಳಗೆ ಎಂಬುದು ಅವರ ನಿಯಮ. ಒಂದು ಗೇಣು ದೂರದಿಂದ ಸಹಜವಾಗಿ ಓದುವ ಧ್ವನಿ ಮೈಕ್‌ನ ಬಳಿ ಸುಮಾರು 75 ಡೆಸಿಬಲ್ ಇರುತ್ತದೆ. ಅದನ್ನು ಮೈನಸ್ 20ಕ್ಕೆ ಹೊಂದಿಸಿದರೆ, 35 ಡೆಸಿಬಲ್‌ನ ಕೋಣೆ ಸರಿಯಾಗಿ ಮೈನಸ್ 60ರ ಗೆರೆಯ ಮೇಲೆ ನಿಲ್ಲುತ್ತದೆ. ಪಾಸೋ ಫೇಲೋ ಎಂಬುದನ್ನು ಕೋಣೆ ನಿರ್ಧರಿಸುತ್ತದೆ. ಮೈಕ್‌ಗೆ ಇನ್ನಷ್ಟು ಹತ್ತಿರ ಬಂದು ಓದುವುದು, ಕಪಾಟಿನ ಬಟ್ಟೆಗಳಿಗೆ ಮುಖ ಮಾಡಿ ಕೂರುವುದು, ಬಾಗಿಲಿನ ಸಂದಿಗೆ ದಪ್ಪ ಚಾದರ ತುರುಕುವುದು, ಇವು ಕೊಡುವ ಲಾಭವನ್ನು ಯಾವ ದುಬಾರಿ ಪೆಟ್ಟಿಗೆಯೂ ಕೊಡುವುದಿಲ್ಲ.

ಹಾಗಾದರೆ ಏನನ್ನು ನೋಡಬೇಕು?

ಗೇನ್, ಅಂದರೆ ಪ್ರೀಆಂಪ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ನಿಮ್ಮ ಮೈಕ್‌ಗೆ ಸಾಕಾಗುತ್ತದೆಯೇ ಎಂಬುದು ಮೊದಲನೆಯದು. ಕಂಡೆನ್ಸರ್‌ಗೆ ಸಾಮಾನ್ಯ ಓದಿನಲ್ಲಿ 40-45 ಡೆಸಿಬಲ್ ಸಾಕು. ಎಸ್ಎಂ7ಬಿಗೆ ಕನಿಷ್ಠ 60 ಬೇಕೆಂದು ಶೂರ್ ಕಂಪನಿಯೇ ಹೇಳುತ್ತದೆ. ಪೆಟ್ಟಿಗೆಯ ವಿವರದಲ್ಲಿ ಈ ಸಂಖ್ಯೆ ಇದ್ದೇ ಇರುತ್ತದೆ, ಹುಡುಕಿ ನೋಡಿ.

ಎರಡನೆಯದು, ಹೆಚ್ಚಿನವರು ಗಮನಿಸದ್ದು, ಹಳೆಯ ಮಟ್ಟಕ್ಕೆ ಮರಳುವ ಸೌಕರ್ಯ. ಧ್ವನಿಯ ಕೆಲಸದಲ್ಲಿ ಪಿಕಪ್ ಎಂಬುದು ತಪ್ಪಿದ್ದಲ್ಲ. ಜಾಹೀರಾತು ಕಳುಹಿಸಿ ಹದಿನೈದು ದಿನ ಕಳೆದ ಮೇಲೆ, ಬಡ್ಡಿ ದರ ಬದಲಾಗಿದೆ, ಆ ಒಂದು ವಾಕ್ಯ ಮಾತ್ರ ಮತ್ತೆ ಓದಿಕೊಡಿ ಎಂದು ಕರೆ ಬರುತ್ತದೆ. ಹೊಸ ವಾಕ್ಯ ಹಳೆಯದರ ನಡುವೆ ಕೂತಾಗ ಹೊಲಿಗೆ ಕಾಣಬಾರದು. ಅದಕ್ಕೆ ಮೈಕ್‌ನ ದೂರ, ಕೂರುವ ಜಾಗದ ಜತೆಗೆ ಗೇನ್ ಕೂಡ ಹಿಂದಿನಷ್ಟೇ ಇರಬೇಕು. ಗೇನ್ ಅನ್ನು ಅಂಕಿಯಲ್ಲಿ ತೋರಿಸಿ ನೆನಪಿಟ್ಟುಕೊಳ್ಳುವ ಪೆಟ್ಟಿಗೆಯಾದರೆ "42" ಎಂದು ಸ್ಕ್ರಿಪ್ಟ್‌ನ ಮೂಲೆಯಲ್ಲಿ ಬರೆದುಕೊಂಡರೆ ಮುಗಿಯಿತು. ಬರೀ ತಿರುಗಿಸುವ ನಾಬ್ ಇದ್ದರೆ ಬಿಳಿ ಪೇಂಟಿನ ಚುಕ್ಕೆ ಇಟ್ಟುಕೊಳ್ಳಬೇಕು, ಚೀಲದಲ್ಲಿ ಉಜ್ಜಿ ಅದು ತಿರುಗಿದೆಯೇ ಎಂದು ಪ್ರತಿ ಬಾರಿ ನೋಡಬೇಕು.

ವಿದ್ಯುತ್ತಿನ ವಿಷಯ ಮೂರನೆಯದು. ಪೆಟ್ಟಿಗೆ ತನ್ನ ಹೊಟ್ಟೆಪಾಡನ್ನು ಯುಎಸ್‌ಬಿಯಿಂದಲೇ ನಡೆಸಿಕೊಳ್ಳುತ್ತದೆ. ಯುಎಸ್‌ಬಿ 2 ಸಾಕೆಟ್‌ನಿಂದ ನಿಯಮದಂತೆ ಸಿಗುವುದು 500 ಮಿಲಿಆಂಪಿಯರ್. ಲ್ಯಾಪ್‌ಟಾಪ್‌ನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಮೊಬೈಲ್‌ಗೆ ಸೇರಿಸಿ ಕೆಲಸ ಮಾಡುವವರಿಗೆ ಕಾಡುತ್ತದೆ: ಫ್ಯಾಂಟಮ್ ಪವರ್ ಹಾಕಿದೊಡನೆ ಪೆಟ್ಟಿಗೆ ಆರಿಹೋಗುವುದು, ನಡುವೆ ಧ್ವನಿ ಕಡಿಯುವುದು. ಐಫೋನ್ 15ರಿಂದ ಮುಂದಿನವುಗಳಲ್ಲಿ ಯುಎಸ್‌ಬಿ-ಸಿ ಇದೆ. ಹಿಂದಿನವುಗಳಿಗೆ ಪ್ರತ್ಯೇಕ ಅಡಾಪ್ಟರ್ ಬೇಕು, ಅದಕ್ಕೆ ಚಾರ್ಜರ್ ಸಿಕ್ಕಿಸುವ ಜಾಗವೂ ಇರಬೇಕು.

ಇನ್ನು ಹೆಡ್‌ಫೋನ್. ನಿಮ್ಮ ಧ್ವನಿ ಕಂಪ್ಯೂಟರ್‌ಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಹತ್ತು ಮಿಲಿಸೆಕೆಂಡ್ ಮೀರುವುದು ಸಾಮಾನ್ಯ. ಅಷ್ಟು ತಡಕ್ಕೇ ಸ್ವಂತ ಧ್ವನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ, ಓದಿನ ಲಯ ಕೆಡುತ್ತದೆ. ಡೈರೆಕ್ಟ್ ಮಾನಿಟರ್ ಸೌಲಭ್ಯವಿದ್ದರೆ ಧ್ವನಿ ಪೆಟ್ಟಿಗೆಯೊಳಗಿಂದಲೇ ನೇರವಾಗಿ ಕಿವಿಗೆ ಬರುತ್ತದೆ. ಇದಿಲ್ಲದ ಯಾವುದನ್ನೂ ಕೊಳ್ಳಬೇಡಿ. ನಿರ್ದೇಶಕರು ಆನ್‌ಲೈನ್‌ನಲ್ಲಿ ಕುಳಿತು ನಿಮ್ಮಿಂದ ಓದಿಸುವ ಕೆಲಸವಿದ್ದರೆ ಲೂಪ್‌ಬ್ಯಾಕ್ ಕೂಡ ಬೇಕಾಗುತ್ತದೆ. ರೆಕಾರ್ಡ್ ಆದದ್ದನ್ನು ನೀವು ಹಾಕಿದಾಗ ಅದು ಕರೆಯಲ್ಲಿರುವ ಅವರಿಗೂ ಕೇಳುವಂತೆ ಮಾಡುವ ವ್ಯವಸ್ಥೆ ಅದು.

192 ಕಿಲೋಹರ್ಟ್ಸ್ ಎಂದು ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದಕ್ಕೆ ಬೆಲೆ ಕೊಡಬೇಡಿ. ದೃಶ್ಯಕ್ಕೆ ಧ್ವನಿ ಕೊಡುವ ಕೆಲಸದಲ್ಲಿ ಕೇಳುವುದು 48 ಕಿಲೋಹರ್ಟ್ಸ್ (ಸೆಕೆಂಡಿಗೆ ಧ್ವನಿಯನ್ನು ಅಳೆಯುವ ಎಣಿಕೆ), 24 ಬಿಟ್ (ಪ್ರತಿ ಅಳತೆಯ ಸೂಕ್ಷ್ಮತೆ).

ಇಂಟರ್‌ಫೇಸೇ ಇಲ್ಲದ ದಾರಿ

ಯುಎಸ್‌ಬಿ ಮೈಕ್‌ನಲ್ಲಿ ಪ್ರೀಆಂಪ್, ಪರಿವರ್ತಕ ಎಲ್ಲವೂ ಒಳಗೇ ಇರುತ್ತವೆ. ಒಂದು ತಂತಿ ಸಿಕ್ಕಿಸಿದರೆ ಕೆಲಸ ಶುರು. ಇನ್ನೂ ಕೆಲಸ ಸಿಗುತ್ತದೆಯೋ ಇಲ್ಲವೋ ಎಂಬ ಹಂತದಲ್ಲಿರುವವರಿಗೆ ಇದು ಖಂಡಿತ ಸಾಕು. ಆದರೆ ಬರೀ ಯುಎಸ್‌ಬಿ ಇರುವ ಮೈಕ್ ಕೊಂಡರೆ, ಮುಂದೆ ಒಳ್ಳೆಯ ಮೈಕ್ ಬೇಕೆನಿಸಿದಾಗ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ. ಎರಡೂ ಬಗೆಯ ಸಂಪರ್ಕ ಇರುವುದನ್ನು ಆರಿಸಿ. ಸ್ಯಾಮ್ಸನ್ ಕ್ಯೂ2ಯು ಅಂಥ ಡೈನಮಿಕ್ ಮೈಕ್: ಇಂದು ಯುಎಸ್‌ಬಿಯಲ್ಲಿ ಬಳಸಿ, ನಾಳೆ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಮೈಕ್ ಕೇಬಲ್ ಹಾಕಿ ಇಂಟರ್‌ಫೇಸ್‌ಗೆ ಸೇರಿಸಿ. ಗದ್ದಲದ ಮನೆಗೆ ಡೈನಮಿಕ್ ಹೊಂದುತ್ತದೆ ಕೂಡ, ಏಕೆಂದರೆ ಅದನ್ನು ಬಾಯಿಗೆ ಹತ್ತಿರವಿಟ್ಟೇ ಓದುತ್ತೇವೆ.

ಇದೇ ಜಾತಿಯಲ್ಲಿ ಮೇಲ್ದರ್ಜೆಯದು ರೋಡ್ ಎನ್‌ಟಿ1ರ ಐದನೇ ತಲೆಮಾರು. 2023ರಲ್ಲಿ ಬಂದ ಈ ಕಂಡೆನ್ಸರ್‌ನ ಸ್ವಂತ ಸದ್ದು ಕೇವಲ 4 ಡೆಸಿಬಲ್. ಯುಎಸ್‌ಬಿಯಲ್ಲಿ 32 ಬಿಟ್ ಫ್ಲೋಟ್ ರೆಕಾರ್ಡಿಂಗ್ ಇದೆ, ಅಂದರೆ ಒಮ್ಮೆಲೇ ಕೂಗಿದಾಗ ಗೆರೆ ಮೀರಿದಂತೆ ಕಂಡ ಧ್ವನಿಯನ್ನೂ ಆಮೇಲೆ ಇಳಿಸಿ ಸರಿಮಾಡಬಹುದು. ಕಿವಿಗೆ ಹಬ್ಬವಾಗುವ ಮೈಕ್. ಆದರೂ ಅಷ್ಟು ಸೂಕ್ಷ್ಮದ್ದನ್ನು ಲೋಕಲ್ ಹಳಿಯ ಪಕ್ಕದ ಕಟ್ಟಡದಲ್ಲಿಟ್ಟರೆ ರೈಲಿನ ಸದ್ದನ್ನು ಸೊಗಸಾಗಿ ಸೆರೆ ಹಿಡಿದುಕೊಡುತ್ತದೆ.

ಮೈಕ್‌ನ ಬುಡಕ್ಕೆ ಸಿಕ್ಕಿಸುವ ಅಡಾಪ್ಟರ್

ಮೈಕ್‌ನ ಎಕ್ಸ್‌ಎಲ್‌ಆರ್ ಬಾಯಿಗೆ ನೇರವಾಗಿ ಸೇರಿಕೊಳ್ಳುವ, ಬೆರಳುದ್ದದ ಲೋಹದ ಕೊಳವೆಗಳಿವೆ. ಸಾಗಿಸುವ ಸುಖದಲ್ಲಿ ಇವುಗಳನ್ನು ಮೀರಿಸುವಂಥದ್ದು ಬೇರಿಲ್ಲ. ಶೂರ್ ಎಂವಿಎಕ್ಸ್2ಯು 60 ಡೆಸಿಬಲ್‌ವರೆಗೆ ಗೇನ್, 48 ವೋಲ್ಟ್ ಫ್ಯಾಂಟಮ್ ಪವರ್, 24 ಬಿಟ್-48 ಕಿಲೋಹರ್ಟ್ಸ್ ರೆಕಾರ್ಡಿಂಗ್, 3.5 ಮಿಲಿಮೀಟರ್ ಹೆಡ್‌ಫೋನ್ ಕಿಂಡಿ ಎಲ್ಲವನ್ನೂ ಆ ಕೊಳವೆಯೊಳಗೆ ತುಂಬಿಕೊಂಡಿದೆ. ಇದರ ಹಿಂದಿನ ಎಕ್ಸ್2ಯು ಇನ್ನೂ ಹಳೆಯ ಸಾಮಾನಿನಲ್ಲಿ ಸಿಗುತ್ತದೆ. ಅದು 16 ಬಿಟ್‌ನದು.

ಎಂವಿಎಕ್ಸ್2ಯು ಮೇಲೆ ಒಂದೂ ನಾಬ್ ಇಲ್ಲ. ಗೇನ್ ಹೊಂದಿಸುವುದೆಲ್ಲ ಶೂರ್‌ನ ಮೋಟಿವ್ ತಂತ್ರಾಂಶದಲ್ಲಿ, ಹೊಂದಿಸಿದ್ದು ಕೊಳವೆಯಲ್ಲೇ ಉಳಿಯುತ್ತದೆ. ಪಿಕಪ್ ದೃಷ್ಟಿಯಿಂದ ಇದು ಲಾಭ: ಚೀಲದಲ್ಲಿ ಏನು ತಗುಲಿದರೂ ಮಟ್ಟ ಬದಲಾಗುವುದಿಲ್ಲ. ಆದರೆ ಓದುತ್ತಿರುವಾಗ ಕೈಚಾಚಿ ಗೇನ್ ಇಳಿಸುವ ಅಭ್ಯಾಸವಿರುವವರಿಗೆ ಕಿರಿಕಿರಿ.

ಇನ್ನೊಂದು ತೊಡಕು ಕೈಯಲ್ಲಿ ಹಿಡಿದು ನೋಡಿದರೆ ಮಾತ್ರ ತಿಳಿಯುತ್ತದೆ. ಕೊಳವೆ ಮೈಕ್‌ಗೆ ಅಂಟಿಕೊಂಡಿರುತ್ತದೆ, ಹೆಡ್‌ಫೋನ್ ತಂತಿ ಕೊಳವೆಗೆ. ನೀವು ಸಾಲು ಓದುತ್ತಾ ತಲೆ ತಿರುಗಿಸಿದರೆ ತಂತಿ ಎಳೆದು, ಆ ಅಲುಗಾಟ ಕೊಳವೆಯಿಂದ ಮೈಕ್‌ಗೆ ಇಳಿದು ರೆಕಾರ್ಡಿಂಗ್‌ನಲ್ಲಿ ದುಡುಂ ಎನ್ನುತ್ತದೆ. ಪರಿಹಾರ ಸುಲಭ: ಮೈಕ್‌ಗೂ ಕೊಳವೆಗೂ ನಡುವೆ ಒಂದು ಮೀಟರ್‌ನ ಎಕ್ಸ್‌ಎಲ್‌ಆರ್ ಕೇಬಲ್ ಹಾಕಿ, ಕೊಳವೆಯನ್ನು ಮೇಜಿನ ಮೇಲೆ ಮಲಗಿಸಿ. ಸ್ಟ್ಯಾಂಡ್‌ನ ತೋಳು ಭಾರಕ್ಕೆ ಜಗ್ಗುವುದೂ ತಪ್ಪುತ್ತದೆ.

ಅಗ್ಗದ ಪೆಟ್ಟಿಗೆ

ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಬೆರಿಂಜರ್ ಯುಎಂ2 ಎಲ್ಲರಿಗೂ ಪರಿಚಿತ. ಒಂದು ಮೈಕ್, ಫ್ಯಾಂಟಮ್ ಪವರ್, ಡೈರೆಕ್ಟ್ ಮಾನಿಟರ್ ಗುಂಡಿ, ಅಗತ್ಯವಿದ್ದದ್ದೆಲ್ಲ ಇದೆ. ಎಟಿ2020ಯಂಥ ಕಂಡೆನ್ಸರ್ ಜತೆ, ಮೇಲೆ ಹಾಕಿದ ಲೆಕ್ಕದಂತೆ, ಇದು ನಾಚಿಕೆಪಡುವ ಫಲಿತಾಂಶವನ್ನೇನೂ ಕೊಡುವುದಿಲ್ಲ. ಇ-ಕಲಿಕೆಯ ಪಾಠಗಳು, ಕಂಪನಿಯ ಫೋನ್ ಕರೆಗಳಿಗೆ ಉತ್ತರಿಸುವ ದನಿ, ಆಡಿಷನ್ ಮಾದರಿಗಳು ಇದರಲ್ಲಿ ನಿರಾತಂಕವಾಗಿ ಸಾಗುತ್ತವೆ.

ಕೊರತೆ ಇರುವುದು ಬೇರೆಡೆ. ಇದು 16 ಬಿಟ್-48 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. 16 ಬಿಟ್‌ನ 96 ಡೆಸಿಬಲ್ ವ್ಯಾಪ್ತಿ ನಮ್ಮ ಕೋಣೆಗಳಿಗೆ ಧಾರಾಳ, ಆದರೆ ಸ್ಟುಡಿಯೊ 24 ಬಿಟ್ ಕೇಳಿದಾಗ 16ರಲ್ಲಿ ಮುದ್ರಿಸಿ 24ರ ಹೊದಿಕೆ ಹಾಕಿ ಕಳುಹಿಸುವುದು ಸರಿಯಲ್ಲ. ಜತೆಗೆ, 24 ಬಿಟ್ ಇದ್ದರೆ ಗೇನ್ ಅನ್ನು ತುಸು ಕೆಳಗಿಟ್ಟು ನೆಮ್ಮದಿಯಿಂದ ಓದಬಹುದು. ಭ, ಘ, ಫ ಬಂದಾಗ ಅಳತೆಯ ಸೂಜಿ ಎಲ್ಲಿ ಮೇಲಕ್ಕೆ ಹಾರುತ್ತದೋ ಎಂಬ ಭಯ ಇರುವುದಿಲ್ಲ. ಲೂಪ್‌ಬ್ಯಾಕ್ ಇಲ್ಲ. ಮೈ ಪ್ಲಾಸ್ಟಿಕ್, ದಾದರ್ ಸೇತುವೆಯ ನೂಕುನುಗ್ಗಲಿನಲ್ಲಿ ದಿನವೂ ಹೊತ್ತು ತಿರುಗುವವರು ಗಟ್ಟಿ ಡಬ್ಬಿಯಲ್ಲಿಟ್ಟು ಒಯ್ಯಬೇಕು. 24 ಬಿಟ್ ಬೇಕು, ಹಣ ಹೆಚ್ಚು ಹಾಕಲಾಗದು ಎನ್ನುವವರು ಅದೇ ಕಂಪನಿಯ ಯುಎಂಸಿ202ಎಚ್‌ಡಿ ನೋಡಬಹುದು. ಗಾತ್ರ ಮಾತ್ರ ದೊಡ್ಡದು.

ನಡುವಿನ ದರ್ಜೆ: ಹೆಚ್ಚಿನವರು ಬಂದು ನಿಲ್ಲುವ ಜಾಗ

ಹತ್ತರಿಂದ ಇಪ್ಪತ್ತು ಸಾವಿರದ ನಡುವೆ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ, ಅದರ ಅಣ್ಣ 2ಐ2 ಮತ್ತು ಆಡಿಯೆಂಟ್ ಈವೊ 4, ಈ ಮೂರರ ನಡುವೆಯೇ ಜನ ತೊಳಲಾಡುವುದು.

2023ರಲ್ಲಿ ಬಂದ ನಾಲ್ಕನೇ ತಲೆಮಾರಿನ ಸೋಲೊ ಮೈಕ್‌ಗೆ 57 ಡೆಸಿಬಲ್ ಗೇನ್ ಕೊಡುತ್ತದೆ. ಒಬ್ಬರೇ ಓದುವವರಿಗೆ ಒಂದು ಮೈಕ್ ಸಾಕಲ್ಲವೇ ಎಂದು ಜನ ಇದನ್ನೇ ಆರಿಸುತ್ತಾರೆ. ಕಂಡೆನ್ಸರ್ ಇದ್ದರೆ ಆ ಆಯ್ಕೆ ಸರಿ. ಆದರೆ 2ಐ2ರಲ್ಲಿರುವ ನಿಜವಾದ ಲಾಭ ಎರಡನೇ ಮೈಕ್ ಕಿಂಡಿಯದಲ್ಲ. ಅದರ ಗೇನ್ 69 ಡೆಸಿಬಲ್. ಅಂದರೆ ಎಸ್ಎಂ7ಬಿಯನ್ನೂ ಸಂಕೇತ ಹೆಚ್ಚಿಸುವ ಬೇರೆ ಬೂಸ್ಟರ್ ಇಲ್ಲದೆ ಆರಾಮವಾಗಿ ನಡೆಸುತ್ತದೆ. ಗೇನ್ ತಾನೇ ಹೊಂದಿಸುವ ಆಟೊ ಗೇನ್, ಧ್ವನಿ ಗೆರೆ ಮೀರುವ ಮುನ್ನ ಗೇನ್ ಇಳಿಸುವ ಕ್ಲಿಪ್ ಸೇಫ್ ಕೂಡ 2ಐ2ರಲ್ಲಿವೆ, ಸೋಲೊದಲ್ಲಿ ಇಲ್ಲ. ಪೌರಾಣಿಕ ಪಾತ್ರಕ್ಕೆ ಕಂಠದಾನ ಮಾಡುವವರು ಪಿಸುಮಾತಿನಿಂದ ಅಬ್ಬರಕ್ಕೆ ಒಂದೇ ಉಸಿರಿನಲ್ಲಿ ಏರುತ್ತಾರೆ. ಅವರಿಗೆ ಕ್ಲಿಪ್ ಸೇಫ್ ವರದಾನ. ಪಾಠ ಓದುವವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಈ ತಲೆಮಾರಿನ ಸ್ಕಾರ್ಲೆಟ್‌ಗಳ ಹಿಂಬದಿಯಲ್ಲಿ ವಿದ್ಯುತ್ತಿಗೆಂದೇ ಇನ್ನೊಂದು ಯುಎಸ್‌ಬಿ-ಸಿ ಕಿಂಡಿ ಇದೆ. ಮೊಬೈಲ್ ಅಥವಾ ಟ್ಯಾಬ್ಲೆಟ್‌ನಲ್ಲಿ ಕೆಲಸ ಮಾಡುವವರು ಅಲ್ಲಿಗೆ ಪವರ್ ಬ್ಯಾಂಕ್ ಸಿಕ್ಕಿಸಿದರೆ ಮೊದಲೇ ಹೇಳಿದ ವಿದ್ಯುತ್ತಿನ ಕೊರತೆ ಕಾಡದು. ಮೈಕ್ ಕಿಂಡಿಗಳು ಹಿಂಬದಿಗೆ ಹೋಗಿವೆ; ಮೇಜಿನ ಮೇಲೆ ಒಂದೇ ಕಡೆ ಇಡುವವರಿಗೆ ಅಚ್ಚುಕಟ್ಟು, ಪ್ರತಿದಿನ ಬಿಚ್ಚಿ ಕಟ್ಟುವವರಿಗೆ ತಡಕಾಟ.

ಧ್ವನಿಯ ಕೆಲಸಕ್ಕೆ ಮಾತ್ರ ಕೊಳ್ಳುವುದಾದರೆ ನನ್ನ ಮನಸ್ಸು ಈವೊ 4ರ ಕಡೆಗೆ. ಗೇನ್ 58 ಡೆಸಿಬಲ್, ರೆಕಾರ್ಡಿಂಗ್ 24 ಬಿಟ್-96 ಕಿಲೋಹರ್ಟ್ಸ್‌ವರೆಗೆ, ಲೂಪ್‌ಬ್ಯಾಕ್ ಇದೆ. ಮೇಲ್ಭಾಗದಲ್ಲಿ ಒಂದೇ ಒಂದು ದೊಡ್ಡ ನಾಬ್. ಮೈಕ್ ಗುಂಡಿ ಒತ್ತಿದರೆ ಅದು ಗೇನ್ ಆಗುತ್ತದೆ, ಹೆಡ್‌ಫೋನ್ ಗುಂಡಿ ಒತ್ತಿದರೆ ಅದೇ ವಾಲ್ಯೂಮ್. ಸ್ಮಾರ್ಟ್‌ಗೇನ್ ಗುಂಡಿ ಒತ್ತಿ ನಾಲ್ಕು ಸಾಲು ಜೋರಾಗಿ ಓದಿದರೆ ತಾನೇ ಮಟ್ಟ ಹೊಂದಿಸಿಕೊಳ್ಳುತ್ತದೆ. ಆಮೇಲೆ ತಂತ್ರಾಂಶದಲ್ಲಿ ಆ ಸಂಖ್ಯೆ ಕಾಣುತ್ತದೆ, ಬರೆದಿಟ್ಟುಕೊಳ್ಳಬಹುದು. ಪಿಕಪ್‌ಗೆ ಬೇಕಾದದ್ದೇ ಇದು. ಸ್ಕಾರ್ಲೆಟ್‌ನ ಲೋಹದ ಮೈ ಇದಕ್ಕಿಲ್ಲ. ಹೆಡ್‌ಫೋನ್ ಕಿಂಡಿ 6.35 ಮಿಲಿಮೀಟರ್‌ನದು, ಸಣ್ಣ ಪಿನ್ ಇರುವವರು ಪರಿವರ್ತಕವನ್ನು ಚೀಲದಲ್ಲೇ ಇಟ್ಟಿರಬೇಕು.

ಇನ್ನೂ ಮೇಲೆ ಹೋಗಬೇಕೇ?

ಇಪ್ಪತ್ತು ಸಾವಿರದ ಸುತ್ತಮುತ್ತ ಮೋಟು ಎಂ2 ಸಿಗುತ್ತದೆ. 60 ಡೆಸಿಬಲ್ ಗೇನ್, ಲೂಪ್‌ಬ್ಯಾಕ್, ಮುಂಭಾಗದಲ್ಲೇ ಮೈಕ್ ಕಿಂಡಿಗಳು. ನನಗೆ ಇದರಲ್ಲಿ ತುಂಬಾ ಹಿಡಿಸುವುದು ಮುಂದಿನ ಪುಟ್ಟ ಪರದೆ: ಧ್ವನಿಯ ಮಟ್ಟ ಪಟ್ಟಿಯಾಗಿ ಏರಿಳಿಯುವುದು ಓದುತ್ತಲೇ ಕಣ್ಣಂಚಿನಲ್ಲಿ ಕಾಣುತ್ತದೆ. ಕಪಾಟಿನೊಳಗೆ ಕುಳಿತು, ಲ್ಯಾಪ್‌ಟಾಪ್ ಫ್ಯಾನಿನ ಸದ್ದು ಕೇಳಬಾರದೆಂದು ಅದನ್ನು ಬಾಗಿಲಾಚೆ ಇಡುವವರಿಗೆ ಇದರಂಥ ಉಪಕಾರ ಇನ್ನೊಂದಿಲ್ಲ. ಹಿಂಬದಿಯಲ್ಲಿ ಆನ್-ಆಫ್ ಸ್ವಿಚ್ ಇದೆ. ಪರದೆ ಬೇಡದವರು ಈವೊ 4ರಲ್ಲಿಯೇ ನಿಂತು ಉಳಿದ ಹಣವನ್ನು ಕಿಟಕಿಯ ದಪ್ಪ ಪರದೆ, ಕಂಬಳಿಗಳಿಗೆ ಹಾಕುವುದು ಲೇಸು.

ಸಾಲಿನಲ್ಲಿ ಕೊನೆಯದು ರೆಕಾರ್ಡರನ್ನೇ ಇಂಟರ್‌ಫೇಸ್ ಮಾಡಿಕೊಳ್ಳುವ ದಾರಿ. ಝೂಮ್ ಎಚ್4ಎಸೆನ್ಷಿಯಲ್‌ನಲ್ಲಿ ಎರಡು ಎಕ್ಸ್‌ಎಲ್‌ಆರ್ ಕಿಂಡಿಗಳಿವೆ, 32 ಬಿಟ್ ಫ್ಲೋಟ್ ಇದೆ, ಎರಡು ಡಬಲ್-ಎ ಸೆಲ್‌ಗಳಲ್ಲಿ ನಡೆಯುತ್ತದೆ, ಯುಎಸ್‌ಬಿಯಲ್ಲಿ ಸೇರಿಸಿದರೆ ಇಂಟರ್‌ಫೇಸ್ ಕೂಡ ಆಗುತ್ತದೆ. ಊರಿಗೂ ಮುಂಬೈಗೂ ಓಡಾಡುವವರಿಗೆ ಇದನ್ನು ಮನಸಾರೆ ಹೇಳುತ್ತೇನೆ. ಗಣೇಶೋತ್ಸವದಲ್ಲಿ ಇಲ್ಲಿ ಢೋಲ್-ತಾಶಾ ನಿಲ್ಲುವುದಿಲ್ಲ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡವೆಂಬ ನಿಯಮಕ್ಕೂ ಹಬ್ಬದ ಕೆಲವು ದಿನ ವಿನಾಯಿತಿ ಸಿಗುತ್ತದೆ. ಮತ್ಸ್ಯಗಂಧ ರೈಲು ಹಿಡಿದು ಕರಾವಳಿಯ ಮನೆ ಸೇರಿದರೆ ನಿಶ್ಶಬ್ದವೇನೋ ಸಿಗುತ್ತದೆ, ಕರೆಂಟು ಕೈಕೊಡುತ್ತದೆ. ಸೆಲ್ ಮೇಲೆ ನಡೆಯುವ ರೆಕಾರ್ಡರ್‌ಗೆ ಅದರ ಚಿಂತೆಯಿಲ್ಲ, ಲ್ಯಾಪ್‌ಟಾಪ್ ಫ್ಯಾನಿನ ಗೊಡವೆಯೂ ಇಲ್ಲ. ಮನೆಬಿಟ್ಟು ಕದಲದವರು ಇದರ ಅರ್ಧದಷ್ಟು ಸೌಲಭ್ಯಗಳನ್ನು ಮುಟ್ಟುವುದೇ ಇಲ್ಲ.

ನಿಮ್ಮ ಕೈಯಲ್ಲಿರುವ ಮೈಕ್ ಯಾವುದು?

ಕೊಳ್ಳುವ ತೀರ್ಮಾನ ಇಲ್ಲಿಂದ ಶುರುವಾಗಲಿ. ಕಂಡೆನ್ಸರ್ ಇದೆ, ಕೆಲಸ ಈಗಷ್ಟೇ ಹತ್ತುತ್ತಿದೆ ಎಂದರೆ ಯುಎಂ2 ಸಾಕು. ಗ್ರಾಹಕರು 24 ಬಿಟ್ ಕೇಳಿದ ದಿನ ಬದಲಿಸಿದರಾಯಿತು. ಕಂಡೆನ್ಸರ್ ಇದ್ದು ವಾರವಾರ ಕೆಲಸ ಬರುತ್ತಿದೆ, ಆನ್‌ಲೈನ್ ನಿರ್ದೇಶನವೂ ಇದೆ ಎನ್ನುವವರು ಈವೊ 4 ಕೊಳ್ಳಿ. ಎಸ್ಎಂ7ಬಿಯಂಥ ಕ್ಷೀಣ ಸಂಕೇತದ ಮೈಕ್ ಇದ್ದರೆ ಸ್ಕಾರ್ಲೆಟ್ 2ಐ2. ಮೈಕ್ ಸಮೇತ ಊರೂರು ತಿರುಗುವವರಾದರೆ ಎಂವಿಎಕ್ಸ್2ಯು. ಮೈಕ್ ಇನ್ನೂ ಕೊಂಡೇ ಇಲ್ಲ, ಮನೆಯಲ್ಲಿ ಗದ್ದಲ, ಹಣ ಕಡಿಮೆ ಎನ್ನುವವರು ಕ್ಯೂ2ಯು ಕೊಂಡು, ಇಂಟರ್‌ಫೇಸ್‌ನ ಯೋಚನೆಯನ್ನು ಸದ್ಯಕ್ಕೆ ಬಿಟ್ಟುಬಿಡಿ.

ಧೋಬಿ ತಲಾವ್‌ನ ಫುರ್ಟಾಡೋಸ್‌ನಂಥ ಸಂಗೀತದ ಅಂಗಡಿಗೆ ಹೋಗುವಾಗ ನಿಮ್ಮ ಮೈಕ್, ಕೇಬಲ್, ಹೆಡ್‌ಫೋನ್, ಲ್ಯಾಪ್‌ಟಾಪ್ ಒಯ್ಯಿರಿ. ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಎರಡು ಅಡಾಪ್ಟರ್, ಒಂದು ಹಬ್ ಮಾತ್ರ ಬೇಕಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆ ಸಾಕು. ಇಂಟರ್‌ಫೇಸ್ ಅನ್ನು ಮಾತ್ರ ಭಾರತದ ಅಧಿಕೃತ ಮಾರಾಟಗಾರರ ಬಿಲ್ ಇಲ್ಲದೆ ಕೊಳ್ಳಬೇಡಿ. ವಿದೇಶದಿಂದ ಯಾರೋ ತಂದುಕೊಟ್ಟದ್ದು ಸಾವಿರ ರೂಪಾಯಿ ಅಗ್ಗವಿರಬಹುದು, ಕೆಟ್ಟಾಗ ವಾರಂಟಿ ಇಲ್ಲಿ ನಡೆಯದೇ ಹೋಗಬಹುದು.

ಮನೆಗೆ ತಂದ ರಾತ್ರಿಯೇ, ಹಿಂದಿರುಗಿಸುವ ಅವಧಿ ಇರುವಾಗಲೇ, ಪರೀಕ್ಷೆ ಮುಗಿಸಿ. ಸಹಜವಾಗಿ ಓದಿ ಗೇನ್ ಹೊಂದಿಸಿ, ಆಮೇಲೆ ಬಾಯಿ ಮುಚ್ಚಿ ಅರ್ಧ ನಿಮಿಷದ ಮೌನ ರೆಕಾರ್ಡ್ ಮಾಡಿ. ಅದನ್ನೇ ಮತ್ತೊಮ್ಮೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಮಾಡಿ. ಎರಡನೆಯದರಲ್ಲಿ ಗುಂಯ್‌ಗುಡುವಿಕೆ ಮಾಯವಾದರೆ ದೋಷ ಚಾರ್ಜರ್‌ನದು ಅಥವಾ ಮನೆಯ ಅರ್ಥಿಂಗ್‌ನದು, ಪೆಟ್ಟಿಗೆಯದಲ್ಲ. ಬ್ಯಾಟರಿಯ ಮೇಲೆ ಓದಿದರೆ ಸಾಕು. ಎರಡರಲ್ಲೂ ಉಳಿದರೆ ಕೇಬಲ್ ಬದಲಿಸಿ ನೋಡಿ. ಬಳಿಕ ಫ್ಯಾಂಟಮ್ ಪವರ್ ಹಾಕಿ ಇಪ್ಪತ್ತು ನಿಮಿಷ ಬಿಡದೆ ಓದಿ, ನಡುವೆ ಎಲ್ಲಾದರೂ ಧ್ವನಿ ಕಡಿದಿದೆಯೇ ಎಂದು ಪೂರ್ತಿ ಕೇಳಿ. ಮಳೆಗಾಲದಲ್ಲಿ ಕೊಂಡವರು ಮೈಕ್ ಮತ್ತು ಪೆಟ್ಟಿಗೆ ಎರಡನ್ನೂ ಸಿಲಿಕಾ ಜೆಲ್ ಪೊಟ್ಟಣದ ಜತೆ ಜಿಪ್ ಚೀಲದಲ್ಲಿಡಿ. ಜುಲೈ ತಿಂಗಳ ತೇವಕ್ಕೆ ಕಂಡೆನ್ಸರ್ ಮೈಕ್ ಚಟಪಟ ಎನ್ನಲು ಶುರುಮಾಡಿದಾಗ ಅನೇಕರು ಇಂಟರ್‌ಫೇಸ್ ಕೆಟ್ಟಿತೆಂದು ಅಂಗಡಿಗೆ ಓಡುತ್ತಾರೆ. ಒಂದು ರಾತ್ರಿ ಒಣಗಲು ಬಿಟ್ಟು ಮತ್ತೆ ಕೇಳಿ ನೋಡಿ, ಆಮೇಲೆ ಹೊರಡಿ.